ಅವನ ಸಿರ್ಕದ ದಾರಿಯಲ್ಲಿ

ನನ್ನ ರೂಮ್‌ಮೇಟ್ ತೀರಿಕೊಂಡದ್ದು ಒಂದು ಶುಕ್ರವಾರ ಬೆಳಿಗ್ಗೆ. ಜುಮಾ ನಮಾಝಿಗೆಂದು ನಾನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಅವನು ತನ್ನ ಮಂಚದ ಮೇಲೆ ಕೂತು ಕಾಲಿನ ಉಗುರು ತೆಗೆಯುತ್ತಿದ್ದ. "ಎದೆ ಎಂತದೋ ಹಿಡ್ಕೊಂಡ ಹಾಗೆ ಆಗ್ತದೆ ಮಾರಾಯ" ಅಂದ. ನೀರು ತರಲು ಅಡುಗೆಮನೆಗೆ ಹೋದೆ. ಬರುವಷ್ಟರಲ್ಲಿ ಗೋಡೆಗೆ ಒರಗಿದ್ದವನು ಪಕ್ಕಕ್ಕೆ ಜಾರಿದ್ದ. ಆಂಬುಲೆನ್ಸ್ ಬೇಗವೇ ಬಂತು. ಬಂದವರು ಅವನನ್ನು ಎತ್ತಿಕೊಂಡು ಹೋದರು, ಆದರೆ ಅವರ ಮುಖ ನೋಡಿದಾಗಲೇ ನನಗೆ ಗೊತ್ತಾಗಿತ್ತು.

ರಿಯಾದ್‌ನಿಂದ ಮೂಡಕ್ಕೆ, ಕಡಲ ಬದಿಯ ಥುಕ್ಬಾ ಪೇಟೆಯ ಆ ಮೂರನೇ ಮಾಳಿಗೆಯ ರೂಮಿನಲ್ಲಿ ನಾವಿಬ್ಬರು ಹದಿನೇಳೆಂಟು ವರ್ಷ ಒಟ್ಟಿಗೆ ಇದ್ದೆವು. ಅವನು ಕಾಪುವಿನವನು, ಮನೆಮಾತು ಉರ್ದು. ನಾನು ಉಳ್ಳಾಲದ ಬ್ಯಾರಿ, ಮನೆಮಾತೂ ಬ್ಯಾರಿ. ಹಾಗಾಗಿ ನಮ್ಮಿಬ್ಬರ ಮಾತು ಕನ್ನಡದಲ್ಲಿ, ಸಿಟ್ಟು ಬಂದರೆ ತುಳುವಿನಲ್ಲಿ. ಇಬ್ಬರಿಗೂ ಒಂದೇ ಕೆಲಸದ ಜಾಗ: ಭಟ್ಕಳದ ಸಾಹುಕಾರರೊಬ್ಬರ ಬಾಟಲಿ ಅಂಗಡಿ. ಗಾಜಿನ ಬಾಟಲಿ, ಪ್ಲಾಸ್ಟಿಕ್ ಡಬ್ಬ, ಮುಚ್ಚಳ, ಲೇಬಲ್, ಇಂಥದ್ದೆಲ್ಲ. ನಾನು ಗೋಡೌನಿನ ಒಳಗೆ, ಅವನು ಹೊರಗೆ. ವರ್ಷಕ್ಕೊಮ್ಮೆ, ಬೇಸಿಗೆ ಮುಗಿಯುವ ಹೊತ್ತಿಗೆ, ಖರ್ಜೂರದ ಪಾಕ ಮಾಡುವವರ, ಸಿರ್ಕ ಮಾಡುವವರ ತೋಟಗಳನ್ನು ಸುತ್ತಿ ಆರ್ಡರ್ ತರುವುದು ಅವನ ಕೆಲಸ. ಸಿರ್ಕ ಅಂದರೆ ವಿನೆಗರ್. ಬೇರೆ ದೇಶದಲ್ಲಾಗಿದ್ದರೆ ಆ ದ್ರಾಕ್ಷಿ, ಆ ಖರ್ಜೂರ ಇನ್ನೇನೋ ಆಗುತ್ತಿತ್ತು. ಇಲ್ಲಿ ಅದು ಹುಳಿಯಾಗಿ ಸಿರ್ಕವಾಗುತ್ತದೆ. ಅವನಿಗೆ ಅದೊಂದು ತಮಾಷೆ. "ನಾನು ವೈನ್ ಟೂರಿಗೆ ಹೋಗ್ತಾ ಇದ್ದೇನೆ, ಹೆಂಡತಿ ಫೋನ್ ಮಾಡಿದ್ರೆ ಹೇಳ್ಬೇಡ" ಅನ್ನುತ್ತಿದ್ದ. ಒಂದು ತೊಟ್ಟು ಕುಡಿದವನಲ್ಲ.

ಮಣ್ಣು ಮಾಡಿದ್ದು ಇಲ್ಲಿಯೇ. ಮನೆಯವರು ಒಪ್ಪಿದರು. ಕಾಗದ ಪತ್ರದ ಕೆಲಸವನ್ನೆಲ್ಲ ಸಾಹುಕಾರರೇ ಓಡಾಡಿ ಮುಗಿಸಿದರು. ಆಮೇಲೆ ಜನ ಬಂದದ್ದು ಅಂಗಡಿಗೆ, ಅವರ ಹತ್ತಿರ. ಅವರ ಕೈ ಹಿಡಿದು ದುಃಖ ಹೇಳಿದರು, ಅವರು ಅತ್ತರು. ಕಾಪುವಿನ ಮನೆಗೆ ಫೋನುಗಳು ಹೋದವು. ನಾನು ಬಂದವರಿಗೆ ಚಹಾ ಮಾಡಿದೆ. ಲೋಟ ತೊಳೆದೆ. ಯಾರ ಮೇಲೂ ದೂರಿಲ್ಲ. ನಾನು ಅವನಿಗೆ ಅಣ್ಣನೂ ಅಲ್ಲ, ತಮ್ಮನೂ ಅಲ್ಲ. ರೂಮ್‌ಮೇಟ್‌ಗೆ ದುಃಖ ಹೇಳುವ ಪದ್ಧತಿ ಎಲ್ಲಿಯೂ ಇಲ್ಲ.

ನನಗೆ ಅಳು ಬರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದರೆ ತುಟಿ ಇನ್ನೊಬ್ಬರದ್ದು ಅನ್ನಿಸುತ್ತದಲ್ಲ, ಒಳಗೆಲ್ಲ ಹಾಗೆಯೇ ಆಗಿತ್ತು. ಕೆಲಸಕ್ಕೆ ಹೋದೆ, ಬಂದೆ, ಮಲಗಿದೆ. ಅವನ ಮಂಚದ ಮೇಲೆ ನನ್ನ ಒಗೆದ ಬಟ್ಟೆ ರಾಶಿ ಹಾಕಲು ಶುರುಮಾಡಿದೆ. ಬೇರೆ ಜಾಗ ಇರಲಿಲ್ಲ, ಅಷ್ಟೇ.

ಒಂದು ದಿನ ಸಾಹುಕಾರರು ಗೋಡೌನಿಗೆ ಬಂದು ಒಂದು ಪೆಟ್ಟಿಗೆಯ ಮೇಲೆ ಕೂತರು.

"ಸೀಸನ್ ಬಂತಲ್ಲ. ಅವನ ಗಿರಾಕಿಗಳು ಅವನ ನಂಬರಿಗೆ ಫೋನ್ ಮಾಡ್ತಾ ಇರ್ಬಹುದು. ಆ ಫೋನ್ ಬಂದಾಗಿದೆ" ಅಂದರು. ಬಂದಾಗಿದೆ ಅಂದರೆ ಸ್ವಿಚ್ ಆಫ್ ಆಗಿದೆ ಎಂದು ಅರ್ಥ. "ಯಾರಾದ್ರು ಹೋಗ್ಬೇಕು."

"ನನಗೆ ಆ ದಾರಿ ಗೊತ್ತಿಲ್ಲ" ಅಂದೆ.

"ಮ್ಯಾಪ್ ಉಂಟಲ್ಲ. ನೀನೇ ಹೋಗಿ ಬಾ. ಸ್ವಲ್ಪ ಗಾಳಿ ಬದಲಾದ ಹಾಗೂ ಆಗ್ತದೆ ನಿಂಗೆ."

ಗಾಳಿ ಬದಲಾಗಬೇಕು ಅಂತ ನನಗೇನೂ ಇರಲಿಲ್ಲ. ಬೇಡ ಅನ್ನಲೂ ಏನೂ ಇರಲಿಲ್ಲ. ಹೊರಟೆ. ಅಂಗಡಿಯ ಬಿಳಿ ಕಾರು, ಹಿಂದಿನ ಸೀಟಿನಲ್ಲಿ ಸ್ಯಾಂಪಲ್ ಬಾಟಲಿಗಳ ಪೆಟ್ಟಿಗೆ. ರಸ್ತೆಯ ಪ್ರತಿ ಉಬ್ಬಿಗೂ ಅವು ಗಲಗಲ ಅನ್ನುತ್ತಿದ್ದವು.

ಮೊದಲನೆಯದು ಅಲ್ ಅಹ್ಸಾದಲ್ಲಿ, ಹುಫೂಫ್ ಪೇಟೆ ದಾಟಿ ಖರ್ಜೂರದ ತೋಟಗಳ ನಡುವೆ. ದಪ್ಪ ಗೋಡೆಯ ಒಂದು ಹಳೆಯ ಕೋಣೆ. ಅದರ ನೆಲದಲ್ಲಿ ಉದ್ದಕ್ಕೆ ದಿಂಡು ದಿಂಡಾಗಿ ಏರು, ನಡುವೆ ತೋಡು. ಅದರ ಮೇಲೆ ಖರ್ಜೂರದ ಚೀಲಗಳನ್ನು ಮಾಡಿನವರೆಗೆ ಪೇರಿಸಿಡುತ್ತಾರೆ. ಮೇಲಿನ ಚೀಲದ ಭಾರಕ್ಕೆ ಕೆಳಗಿನ ಹಣ್ಣು ಹಿಂಡಿ, ಪಾಕ ತೋಡಿನಲ್ಲಿ ಹರಿದು ಮೂಲೆಯ ಗುಂಡಿಗೆ ಬಂದು ಬೀಳುತ್ತದೆ. ಒಲೆ ಇಲ್ಲ, ಯಂತ್ರವಿಲ್ಲ. ಸೆಕೆ ಎಷ್ಟೆಂದರೆ ಬಾಗಿಲಲ್ಲಿ ನಿಂತಾಗಲೇ ನನ್ನ ಕನ್ನಡಕಕ್ಕೆ ಮಂಜು ಹಿಡಿಯಿತು.

ಮಾಲೀಕ ನನಗಿಂತ ಹಿರಿಯ. ನನ್ನ ಹಿಂದೆ ಕಾರಿನತ್ತ ನೋಡಿ ಕೇಳಿದ, "ಅವನೆಲ್ಲಿ?"

ನಾನು ಕಾರು ಓಡಿಸುವಾಗ ಅರಬಿಯಲ್ಲಿ ಆ ವಾಕ್ಯವನ್ನು ಹೊಂದಿಸಿಕೊಂಡಿದ್ದೆ. ಹೇಳಿದೆ. ಮುದುಕ ಸಾವಿನ ಸುದ್ದಿಗೆ ಹೇಳುವ ಇನ್ನಾಲಿಲ್ಲಾಹಿ ಅಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. "ಯಾವಾಗ? ಹೇಗೆ? ಮಕ್ಕಳೆಷ್ಟು?" ಎಲ್ಲಕ್ಕೂ ಉತ್ತರ ಕೊಟ್ಟೆ. ಒಬ್ಬಳು ಮಗಳು, ಓದುತ್ತಿದ್ದಾಳೆ. ನೋವು ಪಡಲಿಲ್ಲ. ಇಲ್ಲಿಯೇ ಮಣ್ಣು. ನನ್ನ ದನಿ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಹೊರಡುವ ಸುದ್ದಿ ಹೇಳುವ ದನಿಯ ಹಾಗೆ ನನಗೇ ಕೇಳಿಸುತ್ತಿತ್ತು.

"ಒಳಗೆ ಬಂದರೆ ಮೊದಲು ಬೆರಳು ಅದ್ದಿ ನೆಕ್ಕುತ್ತಿದ್ದ, ಆಮೇಲೆ ಸಲಾಂ" ಎಂದ ಮುದುಕ. ನಕ್ಕ. ಕಣ್ಣು ಒರೆಸಿಕೊಂಡ. ನನಗೂ ಒಂದು ಚಮಚ ಪಾಕ ಕೊಟ್ಟ. ಕಪ್ಪಗೆ, ಜೇನಿನ ಹಾಗೆ ಎಳೆ ಬಿಡುತ್ತಿತ್ತು. ಸಿಹಿ ಇರಬೇಕು. ಚೆನ್ನಾಗಿದೆ ಅಂದೆ. ಆರ್ಡರ್ ಕೊಟ್ಟ. ಬರೆದುಕೊಂಡು ಹೊರಟೆ.

ರಿಯಾದ್ ದಾಟಿ ಕಸೀಮ್ ಕಡೆಗೆ ತಿರುಗಿದಾಗ ಎರಡೂ ಬದಿ ಬರೀ ಮರಳು. ಮಧ್ಯೆ ಎಲ್ಲೋ ಒಂದು ಪೆಟ್ರೋಲ್ ಬಂಕು, ಒಂದು ಮಸೀದಿ, ಬೂಫಿಯಾ ಎಂಬ ಒಂದು ಚಹಾ ತಿಂಡಿಯ ಅಂಗಡಿ. ಅಂಥದ್ದೊಂದು ಬೂಫಿಯಾದಲ್ಲಿ ಮೊಟ್ಟೆ ಸ್ಯಾಂಡ್‌ವಿಚ್ ತಿಂದೆ. ಮಲಯಾಳಿ ಹುಡುಗ ಚಹಾ ಕೊಡುತ್ತ ಎಲ್ಲಿಗೆ ಅಂತ ಕೇಳಿದ. ಸಿರ್ಕ ಮಾರುವವರ ಹತ್ತಿರ ಅಂದೆ. ಅವನಿಗೆ ಅದು ವಿಚಿತ್ರ ಅನ್ನಿಸಲಿಲ್ಲ.

ಕಸೀಮಿನ ಉನೈಝಾ ಊರಿನ ಹೊರಗೆ ಎರಡನೆಯದು. ತಗಡಿನ ಶೆಡ್ಡು, ಸಾಲಾಗಿ ನೀಲಿ ಡ್ರಮ್ಮುಗಳು. ಒಳಗೆ ಕಾಲಿಟ್ಟರೆ ಮೂಗು ಉರಿಯುವ ಹುಳಿ ವಾಸನೆ. ಮಾಲೀಕ ಶಾಲೆಯಲ್ಲಿ ಲೆಕ್ಕ ಕಲಿಸುವ ಮೇಷ್ಟ್ರು, ರಜೆಯಲ್ಲಿ ಇದು. ದಪ್ಪ ದೇಹ, ದೊಡ್ಡ ನಗು. ನನ್ನನ್ನು ನೋಡಿದ್ದೇ ಕೈ ಹಿಡಿದು ಅದೇ ಪ್ರಶ್ನೆ. "ನಮ್ಮ ದೋಸ್ತ್ ಎಲ್ಲಿ?"

ಮತ್ತೆ ಅದೇ ವಾಕ್ಯ ಹೇಳಬೇಕು. ಮತ್ತೆ ಯಾವಾಗ, ಹೇಗೆ, ಮಕ್ಕಳೆಷ್ಟು. ನನಗೆ ಬೇಸರವಾಯಿತು. ದುಃಖವಲ್ಲ, ಬರೀ ಬೇಸರ, ಬೇಡದ ಫೋನ್ ಎತ್ತಬೇಕಾದಾಗ ಆಗುವಂಥದ್ದು.

"ಊರಿಗೆ ಹೋಗಿದ್ದಾನೆ" ಅಂದೆ.

"ಅಲ್‌ಹಮ್ದುಲಿಲ್ಲಾ! ಕಡೆಗೂ!" ಮೇಷ್ಟ್ರು ನನ್ನ ಭುಜ ತಟ್ಟಿದರು. "ಪ್ರತಿ ವರ್ಷ ಹೇಳುತ್ತಿದ್ದ, ಮುಂದಿನ ವರ್ಷ ಹೋಗುತ್ತೇನೆ, ಮನೆ ಮುಂದೆ ಕೂರುತ್ತೇನೆ, ಯಾರಿಗೂ ಬಾಟಲಿ ಮಾರುವುದಿಲ್ಲ ಅಂತ. ಕೂತಿದ್ದಾನೋ?"

"ಕೂತಿದ್ದಾನೆ."

ಒಳ್ಳೆಯದಾಯಿತು, ಒಳ್ಳೆಯದಾಯಿತು ಅಂದರು. ಡ್ರಮ್ಮಿನ ಮುಚ್ಚಳ ತೆಗೆದು ತೋರಿಸಿದರು. ಮೇಲೆ ತೇಲುವ ಬಿಳಿ ಪದರ, ಗಂಜಿ ಆರಿದಾಗ ಕಟ್ಟುವ ಕೆನೆಯಂಥದ್ದು. ಅದೇ ಸಿರ್ಕದ ತಾಯಿ, ಅದಿಲ್ಲದಿದ್ದರೆ ಏನೂ ಆಗುವುದಿಲ್ಲ ಅಂದರು. ಹೊರಡುವಾಗ ಸುಕ್ಕರಿ ಖರ್ಜೂರದ ಒಂದು ದೊಡ್ಡ ಪೆಟ್ಟಿಗೆಯನ್ನು ತಾವೇ ಹೊತ್ತು ತಂದು ಕಾರಿನಲ್ಲಿ ಇಟ್ಟರು. "ಯಾರಾದರೂ ಊರಿಗೆ ಹೋಗುವವರಿದ್ದರೆ ಅವನಿಗೆ ಕಳಿಸು. ಮೇಷ್ಟ್ರು ಕೊಟ್ಟದ್ದು ಅಂತ ಹೇಳು."

ಹೇಳುತ್ತೇನೆ ಅಂದೆ. ಕಾರು ತಿರುಗಿಸುವಾಗ ಅವರು ಶೆಡ್ಡಿನ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದರು.

ಕಸೀಮಿನಿಂದ ತಾಯಿಫ್‌ಗೆ ಇಡೀ ದಿನದ ದಾರಿ. ಅಫೀಫ್ ಎಂಬ ಊರಿನಲ್ಲಿ ತಂಗಿದೆ. ಮರುದಿನ ಬೆಳಿಗ್ಗೆ ಮತ್ತೆ ರಸ್ತೆ. ಒಂಟೆಗಳಿಗಾಗಿ ಹಾಕಿದ ತಂತಿ ಬೇಲಿ ರಸ್ತೆಯ ಜೊತೆಗೇ ಓಡುತ್ತಿತ್ತು. ರೇಡಿಯೋ ಹಾಕಲಿಲ್ಲ. ಅವನ ಬಗ್ಗೆ ಯೋಚಿಸಬೇಕು ಅಂದುಕೊಂಡೆ. ಇಷ್ಟು ಉದ್ದದ ದಾರಿ, ಒಬ್ಬನೇ, ಈಗಲಾದರೂ. ನೆನಪಾದದ್ದು ಬಾತ್‌ರೂಮಿನ ನಲ್ಲಿ ಸರಿ ತಿರುಗಿಸದೆ ಬರುತ್ತಿದ್ದುದು, ಅದಕ್ಕೆ ನಾನು ಬೈಯುತ್ತಿದ್ದುದು. ಅದರ ಆಚೆಗೆ ತಲೆ ಹೋಗಲಿಲ್ಲ.

ತಾಯಿಫ್ ಬಂದಾಗ ಕಾರಿನ ಕಿಟಕಿ ಇಳಿಸಿದೆ. ಗಾಳಿ ನಿಜವಾಗಿಯೂ ತಂಪಿತ್ತು. ಊರಿನಿಂದ ದಕ್ಷಿಣಕ್ಕೆ ಗುಡ್ಡದ ರಸ್ತೆ ಹಿಡಿದು ಹೋದರೆ ಕಲ್ಲಿನ ಕಟ್ಟೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ ಸಣ್ಣ ಸಣ್ಣ ತೋಟಗಳು. ದಾಳಿಂಬೆ, ಅಂಜೂರ, ದ್ರಾಕ್ಷಿ ಚಪ್ಪರ. ತಿರುವಿನಲ್ಲಿ ಮಂಗಗಳು ಕೂತು ಕಾರುಗಳನ್ನು ನೋಡುತ್ತಿದ್ದವು.

ಅಲ್ಲಿ ದ್ರಾಕ್ಷಿಯ ಸಿರ್ಕ ಮಾಡುವುದು ಒಬ್ಬ ಮುದುಕಿ. ಗಂಡ ಇಲ್ಲ. ಮಗ ತಾಯಿಫ್‌ನ ಒಂದು ಆಸ್ಪತ್ರೆಯಲ್ಲಿ ನೌಕರ, ಅಂದು ರಜೆಯಲ್ಲಿ ಮನೆಯಲ್ಲಿದ್ದ. ಮುದುಕಿ ಚಪ್ಪರದ ಕೆಳಗೆ ಮಣೆಯ ಮೇಲೆ ಕೂತು ಗೊಂಚಲಿನಿಂದ ಕೊಳೆತ ಹಣ್ಣು ಬೇರೆ ಮಾಡುತ್ತಿದ್ದಳು. ಸಲಾಂ ಹೇಳಿ ಬಾಟಲಿ ಅಂಗಡಿಯವನು ಅಂದದ್ದೇ ತಡ, ಶುರುಮಾಡಿದಳು.

"ನಿಮ್ಮ ಮುಚ್ಚಳ! ಬಾ, ನೋಡು ಬಾ!" ಮಗನಿಂದ ಒಂದು ಬಾಟಲಿ ತರಿಸಿದಳು. ಲೋಹದ ಮುಚ್ಚಳದ ಒಳಗೆಲ್ಲ ತುಕ್ಕು. ಸಿರ್ಕ ಅದನ್ನು ತಿಂದುಹಾಕಿತ್ತು. "ಇದನ್ನು ಯಾರು ಕೊಳ್ಳುತ್ತಾರೆ? ಪ್ಲಾಸ್ಟಿಕ್ ಮುಚ್ಚಳ ತರುತ್ತೇನೆ ಅಂತ ಹೋದ ವರ್ಷ ಹೇಳಿದ. ಫೋನ್ ಎತ್ತುವುದಿಲ್ಲ! ಸುಳ್ಳುಗಾರ! ಈಗ ತಾನು ಬರದೆ ನಿನ್ನನ್ನು ಕಳಿಸಿದ್ದಾನೆ. ನಾಚಿಕೆಯಾಗಬೇಕು ಅವನಿಗೆ!"

ನಾನು ತಲೆ ತಗ್ಗಿಸಿ ನಿಂತು ಬೈಗುಳ ಕೇಳಿದೆ. ಅದು ಸುಲಭವಾಗಿತ್ತು. ಮಗ ನಡುವೆ ಬಂದು "ಅಮ್ಮಾ, ಬಿಡು" ಅಂದ. ಅವಳು ಬಿಡಲಿಲ್ಲ. ಉಸಿರು ತೆಗೆಯಲು ನಿಂತಾಗ ಹೇಳಿದೆ, "ಅವನು ತೀರಿಕೊಂಡು ಬಹಳ ದಿನವಾಯಿತು, ತಾಯಿ."

ಮುದುಕಿಯ ಕೈ ನಿಂತಿತು. ಇನ್ನಾಲಿಲ್ಲಾಹಿ ಹೇಳಿದಳು. ಎಲ್ಲರೂ ಕೇಳುವುದನ್ನು ಅವಳು ಕೇಳಲಿಲ್ಲ. "ನೀನು ಅವನಿಗೆ ಏನಾಗಬೇಕು?" ಅಂದಳು.

"ಏನೂ ಇಲ್ಲ. ಒಂದೇ ರೂಮಿನಲ್ಲಿ ಇದ್ದೆವು."

"ಎಷ್ಟು ಕಾಲ?"

ಹೇಳಿದೆ.

"ನನ್ನ ಗಂಡನ ಜೊತೆ ನಾನು ಅಷ್ಟು ವರ್ಷ ಇರಲಿಲ್ಲ" ಅಂದಳು. "ಅಝಾಕ್ಕೆ ನಿನ್ನ ಹತ್ತಿರ ಯಾರು ಬಂದು ಕೂತರು?"

ಸಾವಿನ ಮನೆಯಲ್ಲಿ ಜನ ಬಂದು ಕೂತು ದುಃಖ ಹಂಚಿಕೊಳ್ಳುವುದಕ್ಕೆ ಇಲ್ಲಿ ಅಝಾ ಅನ್ನುತ್ತಾರೆ. ಯಾರೂ ಇಲ್ಲ, ನಾನು ಅವನ ಮನೆಯವನಲ್ಲ ಅಂದೆ. ಅವಳು ಮಗನ ಕಡೆ ತಿರುಗಿ, ಒಳಗಿನಿಂದ ಚಾಪೆ ತಾ, ನೆರೆಯವರನ್ನು ಕರೆ ಅಂದಳು.

ಮಗ ಮುಜುಗರದಿಂದ ನನ್ನನ್ನು ನೋಡಿದ. "ಅಮ್ಮಾ, ಅಝಾ ಮೂರು ದಿನ. ಅವನು ಸತ್ತು ಎಷ್ಟೋ ದಿನವಾಗಿದೆ."

"ಆ ಮೂರು ದಿನದಲ್ಲಿ ಯಾರಾದರೂ ಇವನ ಹತ್ತಿರ ಕೂತಿದ್ದಾರೆಯೇ?"

"ಇಲ್ಲ ಅನ್ನುತ್ತಿದ್ದಾನಲ್ಲ."

"ಹಾಗಾದರೆ ಇವನಿಗೆ ಇನ್ನೂ ಶುರುವಾಗಿಲ್ಲ. ಹೋಗು."

ನಾನು ಬೇಡ ಅಂದೆ. ಮುಂದೆ ಇನ್ನೂ ಗಿರಾಕಿಗಳಿದ್ದಾರೆ ಅಂದೆ. ಅದು ನಿಜವಲ್ಲ, ಅವಳೇ ಕೊನೆಯವಳು. ಮುದುಕಿ ನನ್ನ ಮಾತಿಗೆ ಕಿವಿಯನ್ನೇ ಕೊಡದೆ ಕಾಫಿ ಕುದಿಸಲು ಎದ್ದು ಹೋದಳು. ಜನ ಬರುವಷ್ಟರಲ್ಲಿ ಈ ಬುಟ್ಟಿ ಮುಗಿಸು ಅಂತ ಹೇಳಿಹೋದಳು. ನಾನು ಅವಳ ಮಣೆಯ ಮೇಲೆ ಕೂತು ಕೊಳೆತ ದ್ರಾಕ್ಷಿ ಆರಿಸಿದೆ. ಬೆರಳೆಲ್ಲ ಅಂಟಂಟಾಯಿತು. ಜೇನುನೊಣಗಳು ಬಂದವು.

ಸಂಜೆಯ ಅಸರ್ ನಮಾಝಿನ ನಂತರ ಬಂದರು. ಐದಾರು ಜನ, ಹೆಚ್ಚಿನವರು ಮುದುಕರು. ಅವನನ್ನು ನೋಡಿದ್ದವರು ಅದರಲ್ಲಿ ಒಬ್ಬನೋ ಇಬ್ಬರೋ. ಮಗ ನನ್ನನ್ನು ಚಾಪೆಯ ತಲೆಯ ಕಡೆ ಕೂರಿಸಿದ. ಒಬ್ಬೊಬ್ಬರಾಗಿ ಬಂದು ಬಗ್ಗಿ ನನ್ನ ಕೈ ಹಿಡಿದು ಹೇಳಿದರು: ಅಲ್ಲಾಹನು ನಿನಗೆ ದೊಡ್ಡ ಪ್ರತಿಫಲ ಕೊಡಲಿ, ಅವನನ್ನು ಕ್ಷಮಿಸಲಿ. ಅದಕ್ಕೆ ಏನು ಉತ್ತರ ಕೊಡಬೇಕೆಂದು ನನಗೆ ಗೊತ್ತಿತ್ತು. ಎಷ್ಟೋ ಮನೆಗಳಲ್ಲಿ ಬೇರೆಯವರು ಹೇಳುವುದನ್ನು ಕೇಳಿದ್ದೆ. ನಾನು ಹೇಳಿದ್ದು ಮೊದಲ ಸಲ.

ಕಾಫಿಯ ಜೊತೆ ಇಡಲು ಏನೋ ಬೇಕಿತ್ತು. ಕಾರಿನಿಂದ ಮೇಷ್ಟ್ರ ಸುಕ್ಕರಿ ಪೆಟ್ಟಿಗೆ ತಂದು ಒಡೆದೆ. ಎಲ್ಲರೂ ತಿಂದರು. ಒಬ್ಬ ಮುದುಕ "ಇದು ಉನೈಝಾದ್ದು, ಇಲ್ಲಿ ಸಿಗುವುದಿಲ್ಲ" ಅಂದ. ಇನ್ನೊಬ್ಬ ತೀರಿಹೋದವನ ಬಗ್ಗೆ ಹೇಳಿದ: ಒಂದು ಸಲ ಮಂಗವೊಂದು ಕಾರಿನಿಂದ ಅವನ ಟಿಫಿನ್ ಡಬ್ಬ ಎತ್ತಿಕೊಂಡು ಹೋಯಿತಂತೆ, ಇವನು ಅದರ ಹಿಂದೆ ಗುಡ್ಡ ಹತ್ತಿದನಂತೆ, ಅಕ್ಕಿ ರೊಟ್ಟಿ ಮಂಗಕ್ಕೆ ಹೋದರೂ ಡಬ್ಬ ವಾಪಸು ತಂದನಂತೆ. ಎಲ್ಲರೂ ನಕ್ಕರು. ಆ ರೊಟ್ಟಿ ಮಾಡಿಕೊಟ್ಟದ್ದು ನಾನು. ಮಂಗದ ಕಥೆ ಅವನು ನನಗೆ ಹೇಳಿರಲಿಲ್ಲ. ರೂಮಿಗೆ ವಾಪಸು ಬಂದವನು ರೊಟ್ಟಿ ಚೆನ್ನಾಗಿತ್ತು ಅಂದಿದ್ದ.

ಮುದುಕಿ ಬಾಗಿಲ ಹತ್ತಿರ ಕೂತಿದ್ದಳು. ಯಾರೋ ಒಬ್ಬರು ಕುರ್‌ಆನಿನ ಒಂದಷ್ಟು ಸಾಲು ಓದಿದರು. ಕೈಯೆತ್ತಿ ದುಆ ಮಾಡಿದರು. ಎದ್ದು ಹೋದರು. ನನಗೆ ಆಗಲೂ ಅಳು ಬರಲಿಲ್ಲ. ಕೂತು ಕೂತು ಕಾಲು ಜುಮ್ಮು ಹಿಡಿದಿತ್ತು, ಅದು ಮಾತ್ರ ಗೊತ್ತಾಯಿತು.

ಹೊರಡುವಾಗ ಮುದುಕಿ ಕೇಳಿದಳು, "ಅವನ ಹೆಂಡತಿಗೆ ಹೇಳುತ್ತೀಯಾ?"

"ಏನು ಹೇಳುವುದು?"

"ಇಲ್ಲಿ ಕೂತದ್ದನ್ನು. ಪ್ಲಾಸ್ಟಿಕ್ ಮುಚ್ಚಳ ಮರೆಯಬೇಡ."

ಅವನ ಹೆಂಡತಿಯ ಜೊತೆ ನಾನು ಹೆಚ್ಚು ಮಾತಾಡಿದವನಲ್ಲ. ಸತ್ತ ದಿನ ಸುದ್ದಿ ಹೇಳಿದ್ದು ಕೂಡ ಸಾಹುಕಾರರು. ತಾಯಿಫ್‌ನ ಹೋಟೆಲಿನ ರೂಮಿನಿಂದ, ಮುಸ್ಸಂಜೆಯ ಮಗ್ರಿಬ್ ನಮಾಝ್ ಆದ ಮೇಲೆ ಫೋನ್ ಹಚ್ಚಿದೆ. ಅವಳು ಹೆದರಿದಳು. ಮತ್ತೆ ಏನು ಕೆಟ್ಟದ್ದು ಅಂದುಕೊಂಡಳು. ಏನಿಲ್ಲ ಅಂದು ಆ ದಿನ ನಡೆದದ್ದನ್ನು, ದಾರಿಯುದ್ದಕ್ಕೂ ಕೇಳಿದ್ದನ್ನು ಹೇಳಿದೆ. ಅಹ್ಸಾದ ಮುದುಕ, ಬೆರಳು ಅದ್ದಿ ನೆಕ್ಕುತ್ತಿದ್ದದ್ದು, ಮುಚ್ಚಳದ ಜಗಳ, ಮಂಗ.

"ಅಲ್ಲಿ ಚಳಿ ಉಂಟಾ?" ಅಂತ ಕೇಳಿದಳು.

"ಚಳಿ ಅಂತ ಇಲ್ಲ. ತಂಪುಂಟು."

"ನಂಗೆ ಅವರು ಯಾವಾಗ್ಲೂ ಬರೀ ಮರಳು, ಬರೀ ಬಿಸಿಲು ಅಂತ ಹೇಳಿದ್ದು. ಗುಡ್ಡ ಉಂಟು, ದ್ರಾಕ್ಷಿ ಉಂಟು ಅಂತ ಹೇಳ್ಳೇ ಇಲ್ಲ." ಆಮೇಲೆ ತಾನೇ ಅಂದಳು, "ಹೇಳಿದ್ರೆ ನಾನೂ ಬರ್ತೇನೆ ಅಂತ ಹಟ ಮಾಡ್ತೇನೆ ಅಂತ ಇರ್ಬೇಕು."

"ಇರಬಹುದು" ಅಂದೆ.

ವಾಪಸು ಬರುವಾಗ ಉನೈಝಾದ ದಾರಿ ಹಿಡಿಯಲಿಲ್ಲ, ನೇರ ರಿಯಾದ್ ಮೇಲೆ ಬಂದೆ. ಸಾಹುಕಾರರು ಆರ್ಡರ್ ನೋಡಿ ತೃಪ್ತರಾದರು. "ಅಡ್ಡಿಲ್ಲ ಮಾರಾಯ, ನಿಂಗೆ ಬರ್ತದೆ ಈ ಕೆಲಸ" ಅಂದರು. ಮರುವರ್ಷವೂ ನಾನೇ ಹೋದೆ. ಮೇಷ್ಟ್ರಿಗೆ ಆಗ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಒಂದು ವರ್ಷ ನಾನು ಅವನನ್ನು ಮನೆ ಮುಂದೆ ಕೂರಿಸಿಕೊಂಡಿದ್ದೆ" ಅಂದರು, ಅಷ್ಟೇ.

ತಾಯಿಫ್‌ನಿಂದ ನಾನು ಮಾತಾಡಿದ ಮುಂದಿನ ಶುಕ್ರವಾರವೇ ಅವನ ಹೆಂಡತಿ ತಾನೇ ಫೋನ್ ಮಾಡಿದ್ದಳು. ಅಹ್ಸಾದ ಆ ಕೋಣೆ ಹೇಗಿದೆ, ಪಾಕ ಎಲ್ಲಿಂದ ಬೀಳುತ್ತದೆ ಅಂತ ಕೇಳಿದಳು. ಹೇಳಿದೆ. ಮತ್ತಿನ ಶುಕ್ರವಾರ ರೂಮಿನ ಬಗ್ಗೆ ಕೇಳಿದಳು: ಕಿಟಕಿ ಯಾವ ಕಡೆ, ಮಂಚ ಎಲ್ಲಿ. ಹಾಗೆಯೇ ರೂಢಿಯಾಯಿತು. ಹೇಳಲು ನನ್ನ ಹತ್ತಿರ ದೊಡ್ಡದೇನೂ ಇರಲಿಲ್ಲ. ಅವನು ನಲ್ಲಿ ತಿರುಗಿಸುತ್ತಿರಲಿಲ್ಲ ಅಂದದ್ದಕ್ಕೆ ಅವಳು ಜೋರಾಗಿ ನಕ್ಕಳು. "ಇಲ್ಲಿ ಬಂದ್ರೂ ಹಾಗೇ!" ಅಂದಳು. ನಕ್ಕವಳು ಅತ್ತಳು. ನಾನು ಫೋನ್ ಹಿಡಿದುಕೊಂಡು ಅವಳ ಅಳು ಮುಗಿಯುವ ತನಕ ಕಾದೆ.

ಅವನ ಮಂಚಕ್ಕೆ ಈಗ ಪುತ್ತೂರು ಕಡೆಯ ಒಬ್ಬ ಬಂದಿದ್ದಾನೆ. ಜುಬೈಲಿನ ಕಂಪೆನಿಯೊಂದರ ಕ್ಯಾಂಪಿನಿಂದ ಬಿಟ್ಟು ಬಂದವನು. ಮಾತು ಕಡಿಮೆ, ಗೊರಕೆ ಹೆಚ್ಚು. ಒಂದು ಶುಕ್ರವಾರಕ್ಕೆ ಕಾಪುವಿನಿಂದ ಅವಳು ಮೊದಲೇ ತಿಳಿಸಿದಳು, "ಈ ವಾರ ಫೋನ್ ಇಲ್ಲ, ಮಗಳನ್ನು ನೋಡ್ಲಿಕ್ಕೆ ಜನ ಬರ್ತಾರೆ" ಅಂತ. ಆ ದಿನ ಜುಮಾ ಮುಗಿದ ಮೇಲೆ ನನಗೆ ಏನು ಮಾಡುವುದೆಂದು ತಿಳಿಯಲಿಲ್ಲ. ಪೇಟೆಗೆ ಹೋಗಿ ಅಂಜಲ್ ಮೀನು ತಂದೆ. ಮಸಾಲೆ ಅರೆದು ಸಾರು ಮಾಡಿದೆ. ಹೊಸಬ ತಟ್ಟೆ ಎಳೆದುಕೊಂಡು ಎರಡು ತುತ್ತು ತಿಂದು, "ಉಪ್ಪು ಸ್ವಲ್ಪ ಕಮ್ಮಿ ಆಯ್ತು" ಅಂದ. ರುಚಿ ನೋಡಿದೆ. ಹೌದು, ಕಮ್ಮಿಯಾಗಿತ್ತು. ಎದ್ದು ಉಪ್ಪು ತಂದೆ.